ಇದ್ದೂ ಕಾಣದ ಡ್ರೈವು

ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಅಲುಗದಿದ್ದರೆ ವಿದ್ಯುತ್ಕೋಶವೇ ಸತ್ತಿತೆಂದು ತೀರ್ಮಾನಿಸುವುದು ಹೊಸ ವಿದ್ಯಾರ್ಥಿಗಳ ಸ್ವಭಾವ. ಆದರೆ ಕೋಶಕ್ಕೂ ಮುಳ್ಳಿಗೂ ನಡುವೆ ತಂತಿಯುಂಟು, ಕೀಲಿಯುಂಟು, ತಿರುಪುಗಳುಂಟು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಮುಳ್ಳು ಸುಮ್ಮನಿರುತ್ತದೆ. ಮುಳ್ಳು ಅಲುಗಲಿಲ್ಲವೆಂಬುದು ನಾವು ಕಂಡ ಸಂಗತಿ. ಕೋಶ ಸತ್ತಿದೆಯೆಂಬುದು ನಾವು ಮಾಡಿದ ಊಹೆ. ಈ ಎರಡರ ಅಂತರವನ್ನು ಪ್ರಯೋಗಶಾಲೆಯಲ್ಲಿ ಮರೆತರೆ ಒಂದು ಗಂಟೆಯ ಕಾಲ ವ್ಯರ್ಥವಾದೀತು, ಅಷ್ಟೆ. ಮನೆಯ ಲ್ಯಾಪ್‌ಟಾಪಿನ ವಿಷಯದಲ್ಲಿ ಮರೆತರೆ ಹಲವು ವರ್ಷಗಳ ಛಾಯಾಚಿತ್ರಗಳೂ ಲೆಕ್ಕಪತ್ರಗಳೂ ಬರೆದಿಟ್ಟ ಪ್ರಬಂಧಗಳೂ ಕೈತಪ್ಪಿ ಹೋದಾವು.

ವಿಂಡೋಸ್ ೧೦ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಇದರಿಂದಾಗಿ ಅನೇಕರು ತಮ್ಮ ಲ್ಯಾಪ್‌ಟಾಪುಗಳಲ್ಲಿ ಹೊಸ ಆಪರೇಟಿಂಗ್ ಸಿಸ್ಟಮನ್ನು ತಾವೇ ಸ್ಥಾಪಿಸಲು ತೊಡಗಿರುವರು. ಪೆನ್‌ಡ್ರೈವನ್ನು ಚುಚ್ಚಿ, ಭಾಷೆಯನ್ನು ಆರಿಸಿ, ಎಲ್ಲಿ ಸ್ಥಾಪಿಸಬೇಕೆಂಬ ಪುಟಕ್ಕೆ ಬರುವ ವೇಳೆಗೆ ಕೆಲವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಡ್ರೈವುಗಳ ಹೆಸರು ಇರಬೇಕಾದ ಪಟ್ಟಿ ಬರಿದು. 'ಯಾವ ಡ್ರೈವೂ ಸಿಗಲಿಲ್ಲ' ಎಂಬ ಒಂದು ಸಾಲು ಮಾತ್ರ ಕಾಣುತ್ತದೆ. ಹಿಂದಿನ ರಾತ್ರಿಯವರೆಗೆ ನೆಟ್ಟಗೆ ಕೆಲಸ ಮಾಡುತ್ತಿದ್ದ ಡ್ರೈವು ಒಂದೇ ಗಳಿಗೆಯಲ್ಲಿ ಎಲ್ಲಿಗೆ ಹೋಯಿತು?

ಉತ್ತರ ಸರಳ: ಅದು ಎಲ್ಲಿಗೂ ಹೋಗಿಲ್ಲ. ಅದನ್ನು ನೋಡುವ ಕಣ್ಣು ಸ್ಥಾಪಕ ತಂತ್ರಾಂಶಕ್ಕೆ ಇಲ್ಲ. ಇದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ.

ಇಂದಿನ ಲ್ಯಾಪ್‌ಟಾಪುಗಳ ಡ್ರೈವಿನಲ್ಲಿ ತಿರುಗುವ ತಟ್ಟೆಗಳಿಲ್ಲ. ಸಾಮಾನ್ಯವಾಗಿ ಅದು ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದದ ಒಂದು ತೆಳುವಾದ ಹಲಗೆ. ಅದರ ಮೇಲೆ ನಾಲ್ಕಾರು ಕಪ್ಪು ಚಿಪ್ಪುಗಳು. ಇದಕ್ಕೆ ಎಸ್.ಎಸ್.ಡಿ. ಎಂದು ಹೆಸರು. ಇದು ಪ್ರೊಸೆಸರಿನೊಡನೆ ವ್ಯವಹರಿಸುವ ಭಾಷೆಗೆ ಎನ್.ವಿ.ಎಂ.ಇ. ಎನ್ನುತ್ತಾರೆ, ಅದರ ಮೊದಲ ನಿಯಮಾವಳಿ ಪ್ರಕಟವಾದದ್ದು ೨೦೧೧ರಲ್ಲಿ.

ಈ ಹಲಗೆಯಿಂದ ತೆರೆಯ ಮೇಲಿನ ಪಟ್ಟಿಯವರೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ಯಂತ್ರ ಎಚ್ಚರಗೊಂಡೊಡನೆ ತನ್ನ ಅಂಗಾಂಗಗಳನ್ನು ಎಣಿಸಿಕೊಳ್ಳುವ ಬಯೋಸ್. ಎರಡನೆಯದು, ಡ್ರೈವಿಗೂ ಪ್ರೊಸೆಸರಿಗೂ ನಡುವೆ ನಿಂತು ಸಂಚಾರವನ್ನು ನಡೆಸುವ ಕಂಟ್ರೋಲರ್. ಮೂರನೆಯದು, ಆ ಕಂಟ್ರೋಲರಿನ ಮಾತನ್ನು ಆಪರೇಟಿಂಗ್ ಸಿಸ್ಟಮಿಗೆ ತಿಳಿಸಿಕೊಡುವ ಡ್ರೈವರ್. ಡ್ರೈವು ಎಂಬುದು ವಸ್ತು, ಡ್ರೈವರ್ ಎಂಬುದು ಒಂದು ಚಿಕ್ಕ ತಂತ್ರಾಂಶ; ಹೆಸರುಗಳ ಹೋಲಿಕೆಯಿಂದ ವಾಚಕರು ಗೊಂದಲಪಡಬಾರದು. ಡ್ರೈವರನ್ನು ಹಿಂದಿನ ಕಾಲದ ದುಭಾಷಿಗೆ ಹೋಲಿಸಬಹುದು. ದುಭಾಷಿಯಿಲ್ಲದ ಸಭೆಗೆ ಪರದೇಶದ ರಾಯಭಾರಿ ಬಂದು ನಿಂತು ಎಷ್ಟು ಮಾತನಾಡಿದರೂ ಅದು ಯಾರ ಕಿವಿಗೂ ಮಾತಾಗಿ ತಲುಪುವುದಿಲ್ಲವಷ್ಟೆ.

ಈ ತೊಡಕು ಹೊಸದೇನೂ ಅಲ್ಲ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್.ಪಿ.ಯನ್ನು ಅದಕ್ಕಿಂತ ಹೊಸದಾದ ಯಂತ್ರಗಳಲ್ಲಿ ಸ್ಥಾಪಿಸುವಾಗ ಎಫ್ ೬ ಕೀಲಿಯನ್ನು ಒತ್ತಿ, ಫ್ಲಾಪಿಯಿಂದ ಡ್ರೈವರನ್ನು ಉಣಿಸಬೇಕಾಗುತ್ತಿತ್ತು. ೨೦೦೯ರ ವಿಂಡೋಸ್ ೭ ತನಗಿಂತ ಎರಡು ವರ್ಷ ತಡವಾಗಿ ಹುಟ್ಟಿದ ಎನ್.ವಿ.ಎಂ.ಇ. ಭಾಷೆಯನ್ನು ಅರಿಯದಿದ್ದುದು ಸಹಜವೇ. ಯಂತ್ರ ಹೊಸದಾಗಿ, ಸ್ಥಾಪಕ ಹಳೆಯದಾಗಿದ್ದಾಗಲೆಲ್ಲ ದುಭಾಷಿಯ ಕೊರತೆ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಬಹು ಸಾಮಾನ್ಯವಾದ ಕಾರಣ ವಿ.ಎಂ.ಡಿ. ಎಂಬ ಏರ್ಪಾಡು. 'ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್' ಎಂಬುದು ಅದರ ಪೂರ್ಣ ಹೆಸರು. ಹಲವು ಡ್ರೈವುಗಳನ್ನು ಒಟ್ಟಿಗೆ ನಿರ್ವಹಿಸಬೇಕಾದ ದೊಡ್ಡ ಸರ್ವರ್ ಯಂತ್ರಗಳಿಗಾಗಿ ಇಂಟೆಲ್ ಸಂಸ್ಥೆ ಇದನ್ನು ರೂಪಿಸಿತು. ೨೦೨೦ರಲ್ಲಿ ಬಂದ ಹನ್ನೊಂದನೆಯ ತಲೆಮಾರಿನ ಪ್ರೊಸೆಸರುಗಳೊಂದಿಗೆ ಅದು ಲ್ಯಾಪ್‌ಟಾಪುಗಳಿಗೂ ಇಳಿದು ಬಂದಿತು. ವಿ.ಎಂ.ಡಿ. ಚಾಲನೆಯಲ್ಲಿದ್ದರೆ ಡ್ರೈವು ನೇರವಾಗಿ ಹೊರಗೆ ಕಾಣುವುದಿಲ್ಲ; ವಿ.ಎಂ.ಡಿ. ಕಂಟ್ರೋಲರೊಂದೇ ಬಾಗಿಲಲ್ಲಿ ನಿಂತು, ಡ್ರೈವು ಒಳಮನೆಯಲ್ಲಿರುತ್ತದೆ. ವಿಂಡೋಸ್ ೧೦ರ ಮತ್ತು ೧೧ರ ಸ್ಥಾಪಕದ ಅನೇಕ ಪ್ರತಿಗಳಲ್ಲಿ ಎನ್.ವಿ.ಎಂ.ಇ. ಡ್ರೈವರು ಇದ್ದರೂ ವಿ.ಎಂ.ಡಿ.ಯ ಡ್ರೈವರು ಇಲ್ಲ. ಒಳಮನೆಯ ಭಾಷೆ ಬಲ್ಲವನು ಬಾಗಿಲಲ್ಲೇ ನಿಂತು, ಮನೆಯಲ್ಲಿ ಯಾರೂ ಇಲ್ಲವೆಂದು ಹಿಂತಿರುಗಿದ ಹಾಗೆ ಇದು.

ಹಾಗಾದರೆ ದೋಷ ಯಾವ ಮೆಟ್ಟಿಲಿನಲ್ಲಿದೆಯೆಂದು ಗೊತ್ತುಮಾಡುವುದು ಹೇಗೆ? ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಪರೀಕ್ಷಿಸಬೇಕು. ಯಂತ್ರವನ್ನು ಹಚ್ಚಿದೊಡನೆ ಎಫ್ ೨, ಎಫ್ ೧೦ ಅಥವಾ ಡಿಲೀಟ್ ಕೀಲಿಯನ್ನು (ತಯಾರಕರಿಗೆ ತಕ್ಕಂತೆ ಇದು ಬೇರೆಯಾಗುತ್ತದೆ) ಒತ್ತಿ ಬಯೋಸನ್ನು ತೆರೆದು, ಅಲ್ಲಿ ಡ್ರೈವಿನ ಹೆಸರಿದೆಯೇ ನೋಡಬೇಕು. ಇದ್ದರೆ, ಹಲಗೆಗೆ ಜೀವವಿದೆಯೆಂದು ಬಹುಮಟ್ಟಿಗೆ ನಂಬಬಹುದು. ಆಮೇಲೆ ಸ್ಥಾಪಕದ ಪುಟದಲ್ಲಿ ಶಿಫ್ಟ್ ಮತ್ತು ಎಫ್ ೧೦ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ 'ಡಿಸ್ಕ್‌ಪಾರ್ಟ್' ಎಂಬ ಆಜ್ಞೆಯನ್ನೂ ಬಳಿಕ 'ಲಿಸ್ಟ್ ಡಿಸ್ಕ್' ಎಂಬ ಆಜ್ಞೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಇವು ಬರಿಯ ಪಟ್ಟಿಯನ್ನು ತೋರಿಸುತ್ತವೆ, ಏನನ್ನೂ ಅಳಿಸುವುದಿಲ್ಲ. ಬಯೋಸಿನಲ್ಲಿದ್ದ ಡ್ರೈವು ಈ ಪಟ್ಟಿಯಲ್ಲಿ ಇಲ್ಲವಾದರೆ ಡ್ರೈವರಿನ ಕೊರತೆಯೆಂದೇ ಮೊದಲು ಶಂಕಿಸಬೇಕು. ಇನ್ನೊಂದು ಸಾಕ್ಷಿಯೂ ಉಂಟು. ಲಿನಕ್ಸಿನಲ್ಲಿ ವಿ.ಎಂ.ಡಿ. ಡ್ರೈವರು ೨೦೧೬ರಿಂದಲೇ ಇದೆ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ಹಚ್ಚಿದಾಗ ಡ್ರೈವು ಕಾಣಿಸಿತೆಂದರೆ ಸಂದೇಹ ತೀರಿತು.

ಪರಿಹಾರಗಳು ಎರಡು. ಮೊದಲನೆಯದು ದುಭಾಷಿಯನ್ನು ಕರೆತರುವುದು. ಬೇರೊಂದು ಗಣಕದಿಂದ ಲ್ಯಾಪ್‌ಟಾಪ್ ತಯಾರಕರ ತಾಣಕ್ಕೆ ಹೋಗಿ, ನಮ್ಮ ಮಾದರಿಯ ಹೆಸರಿನಡಿಯಲ್ಲಿ ದೊರೆಯುವ 'ಇಂಟೆಲ್ ರ್‍ಯಾಪಿಡ್ ಸ್ಟೋರೇಜ್' ಡ್ರೈವರನ್ನು ಇಳಿಸಿಕೊಳ್ಳಬೇಕು. ಅದು ಒಂದೇ ಗಂಟಿನಂತೆ ಬಂದಿದ್ದರೆ ಬಿಚ್ಚಿ, 'ಐ.ಎನ್.ಎಫ್.' ಎಂದು ಕೊನೆಗೊಳ್ಳುವ ಕಡತವಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಬೇಕು. ಗಂಟನ್ನು ಹಾಗೆಯೇ ಇಟ್ಟರೆ ಸ್ಥಾಪಕ ಅದನ್ನು ಗುರುತಿಸದು. ಬಳಿಕ 'ಲೋಡ್ ಡ್ರೈವರ್' ಗುಂಡಿಯನ್ನು ಒತ್ತಿ ಆ ಫೋಲ್ಡರನ್ನು ತೋರಿಸಿದರೆ, ಬರಿದಾಗಿದ್ದ ಪಟ್ಟಿಯಲ್ಲಿ ಡ್ರೈವು ಪ್ರತ್ಯಕ್ಷವಾಗುತ್ತದೆ.

ಎರಡನೆಯದು, ಬಯೋಸಿನಲ್ಲಿ ವಿ.ಎಂ.ಡಿ.ಯನ್ನೇ ನಿಲ್ಲಿಸುವುದು. ಕೇಳಲು ಇದು ಸುಲಭ; ಆದರೆ ಇದರಲ್ಲಿ ಎರಡು ಅಪಾಯಗಳಿವೆ. ವಿ.ಎಂ.ಡಿ. ಇದ್ದಾಗ ಸ್ಥಾಪಿಸಿದ ಹಳೆಯ ವಿಂಡೋಸ್, ಅದನ್ನು ನಿಲ್ಲಿಸಿದ ಮೇಲೆ ನೀಲಿ ತೆರೆಯನ್ನು ತೋರಿಸಿ ನಿಂತುಬಿಡಬಹುದು. ಆಗ ಗಾಬರಿಗೊಳ್ಳದೆ ಆಯ್ಕೆಯನ್ನು ಮೊದಲಿನಂತೆ ಮಾಡಿದರೆ ಅದು ಸಾಮಾನ್ಯವಾಗಿ ಮತ್ತೆ ಏಳುತ್ತದೆ. ಎರಡನೆಯ ಅಪಾಯ ಇದಕ್ಕಿಂತ ಘನವಾದದ್ದು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಒಡೆಯನಿಗೆ ತಿಳಿಯದೆಯೇ ಡ್ರೈವಿನಲ್ಲಿರುವುದೆಲ್ಲ ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಅಡಗಿರುತ್ತದೆ. ಬಯೋಸಿನಲ್ಲಿ ಇಂತಹ ಬದಲಾವಣೆ ಮಾಡಿದಾಗ ಅದು ೪೮ ಅಂಕಿಗಳ ಒಂದು ಕೀಲಿಯನ್ನು ಕೇಳಬಹುದು. ಆ ಕೀಲಿ ಇಲ್ಲದವನಿಗೆ ತನ್ನ ಕಡತಗಳೇ ಪರಕೀಯವಾಗುತ್ತವೆ. ಲಿನಕ್ಸಿನಿಂದ ನೋಡಿದರೂ ಅವು ತೆರೆಯವು. ಆದುದರಿಂದ ಯಾವುದಕ್ಕೂ ಕೈಹಾಕುವ ಮೊದಲು ಮೈಕ್ರೋಸಾಫ್ಟ್ ಖಾತೆಯನ್ನು ತೆರೆದು, ಅಲ್ಲಿ ಆ ಕೀಲಿಯಿದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಬೇಕಾದ ಕಡತಗಳನ್ನು ಬೇರೆಡೆ ನಕಲು ಮಾಡತಕ್ಕದ್ದು.

ಬಯೋಸಿನಲ್ಲಿಯೇ ಡ್ರೈವು ಕಾಣದಿದ್ದರೆ ಮಾತು ಬೇರೆ. ಆಗ ಡ್ರೈವರಿನಿಂದ ಪ್ರಯೋಜನವಿಲ್ಲ. ಹಲಗೆ ತನ್ನ ಗೂಡಿನಲ್ಲಿ ಸಡಿಲವಾಗಿರಬಹುದು. ಹೊಸದಾಗಿ ಕೊಂಡದ್ದಾದರೆ ಜಾತಿ ತಪ್ಪಿರಲೂಬಹುದು: ಸಾಟಾ ಎಂಬ ಹಳೆಯ ಭಾಷೆಯನ್ನಾಡುವ ಹಲಗೆಯೊಂದು ಎನ್.ವಿ.ಎಂ.ಇ.ಗೆಂದೇ ಮಾಡಿದ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಮಾತನಾಡುವುದಿಲ್ಲ. ಇವೆರಡೂ ಅಲ್ಲವೆಂದಾದರೆ ಮಾತ್ರ ಡ್ರೈವು ನಿಜವಾಗಿಯೂ ಕೆಟ್ಟಿದೆಯೆಂದು ಹೇಳಲು ನಮಗೆ ಆಧಾರ ದೊರೆಯುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆ. ಡ್ರೈವರನ್ನು ಉಣಿಸುವುದರಿಂದ ಒಂದು ಅಕ್ಷರವೂ ಅಳಿಯುವುದಿಲ್ಲ; ಅಳಿಯುವುದು ಅದರ ಮುಂದಿನ ಹೆಜ್ಜೆಯಲ್ಲಿ. ಮರೆಯಾಗಿದ್ದ ಡ್ರೈವು ಮರಳಿ ಕಂಡ ಸಂತೋಷದಲ್ಲಿ 'ಡಿಲೀಟ್' ಇಲ್ಲವೆ 'ಫಾರ್ಮ್ಯಾಟ್' ಗುಂಡಿಯನ್ನು ಒತ್ತಿದವನು ತಾನು ಉಳಿಸಿಕೊಂಡದ್ದನ್ನು ತಾನೇ ಕಳೆದಂತಾಗುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರೂ ಸೇರಿರಬಹುದು. ಯಾವುದು ಯಾವುದೆಂಬುದನ್ನು ಅವುಗಳ ಗಾತ್ರದಿಂದ ಗುರುತಿಸಿದ ಮೇಲೆಯೇ ಮುಂದುವರಿಯಬೇಕು. ಉಪಕರಣವೊಂದು 'ಇಲ್ಲ' ಎಂದಾಗ 'ನನಗೆ ಕಾಣಲಿಲ್ಲ' ಎಂಬುದಷ್ಟೇ ಅದರ ಅರ್ಥ. ಇದನ್ನು ನೆನಪಿನಲ್ಲಿಟ್ಟುಕೊಂಡವನು ಒಳ್ಳೆಯ ಡ್ರೈವನ್ನು ಕಸಕ್ಕೆ ಎಸೆಯಲಾರನು. ಅದರೊಳಗಿನ ತನ್ನ ವರ್ಷಗಳನ್ನೂ ಎಸೆಯಲಾರನು.