ದಾರಿಯಲ್ಲಿ ಕೆಟ್ಟು ನಿಂತ ಮೋಟಾರು

ಮಕ್ಕಳುಮರಿಗಳೊಡನೆ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಸ್ವಂತ ಮೋಟಾರಿನಲ್ಲಿ ಹೊರಡುವ ಗೃಹಸ್ಥನು ಬುತ್ತಿಯನ್ನು ಕಟ್ಟಿಸುತ್ತಾನೆ, ನೀರನ್ನು ತುಂಬಿಸುತ್ತಾನೆ, ಪಂಚಾಂಗವನ್ನು ನೋಡಿ ರಾಹುಕಾಲವನ್ನು ಕಳೆಯುತ್ತಾನೆ. ಗಾಲಿಗಳ ಅಡಿಯಲ್ಲಿ ನಿಂಬೆಯ ಹಣ್ಣುಗಳನ್ನಿಡುವುದನ್ನೂ ಮರೆಯುವುದಿಲ್ಲ. ಆದರೆ ಆ ಗಾಲಿಗಳಲ್ಲಿ ಗಾಳಿಯೆಷ್ಟಿದೆಯೆಂದು ನೋಡುವವರು ವಿರಳ. ನಿಂಬೆಯ ಹಣ್ಣಿನ ವಿಷಯದಲ್ಲಿ ನಮ್ಮ ಆಕ್ಷೇಪಣೆಯೇನೂ ಇಲ್ಲ. ಅದರ ಜೊತೆಗೆ ಇನ್ನು ಹತ್ತು ನಿಮಿಷಗಳನ್ನು ಬಂಡಿಗೆ ಕೊಡಬೇಕೆಂಬುದಿಷ್ಟೇ ನಮ್ಮ ವಿಜ್ಞಾಪನೆ.

ಮೊದಲು ಸ್ಟೆಪ್ನಿಯ ವಿಚಾರ. ಹೆಚ್ಚಿನ ಗಾಲಿಗೆ ಈ ವಿಚಿತ್ರ ನಾಮಧೇಯವು ಹೇಗೆ ಬಂದಿತೆಂದು ವಿದ್ಯಾರ್ಥಿಗಳು ನಮ್ಮನ್ನು ಕೇಳಿದ್ದುಂಟು. ಇದಕ್ಕೆ ಸಂಸ್ಕೃತದಲ್ಲಿ ಧಾತುವನ್ನು ಹುಡುಕಿ ಫಲವಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬುದೊಂದು ಬೀದಿಯ ಹೆಸರು. ಮೊದಮೊದಲಿನ ಮೋಟಾರುಗಳಲ್ಲಿ ಹೆಚ್ಚಿನ ಗಾಲಿಯೇ ಇರಲಿಲ್ಲ; ಟೈರು ಒಡೆದರೆ ಧೂಳಿನಲ್ಲಿ ಕುಳಿತು ಅದನ್ನು ಕಳಚಿ ತೇಪೆ ಹಾಕಬೇಕಾಗಿದ್ದಿತು. 1904ರಲ್ಲಿ ಆ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬಾತನು, ಗಾಳಿ ತುಂಬಿದ ಟೈರನ್ನು ಹೊತ್ತ, ಅರೆಕಾಲುಗಳಿಲ್ಲದ ಒಂದು ಬಳೆಯನ್ನು ಒಡೆದ ಗಾಲಿಗೆ ಬಿಗಿಯುವ ಉಪಾಯವನ್ನು ರಚಿಸಿದನು. ಬೀದಿಯ ಹೆಸರು ಬಳೆಗಾಯಿತು. ಇಂಗ್ಲಿಷರ ನಾಲಗೆಯಿಂದ ಆ ಶಬ್ದವು ಜಾರಿಹೋಗಿದ್ದರೂ ನಮ್ಮ ದೇಶದ ಪಂಕ್ಚರಿನ ಅಂಗಡಿಗಳಲ್ಲಿ ಇಂದಿಗೂ ಸುಖವಾಗಿ ಬಾಳಿಕೊಂಡಿದೆ.

ಹೆಸರು ಬಾಳಿದರೆ ಸಾಲದು, ಅದರೊಳಗೆ ಗಾಳಿಯೂ ಇರಬೇಕು. ನಮ್ಮ ಬಂಧುಗಳೊಬ್ಬರು ಮಳೆಗಾಲದ ಒಂದು ರಾತ್ರಿ ವೃದ್ಧೆಯಾದ ತಾಯಿಯನ್ನೂ ಎಳೆಯ ಮಗುವನ್ನೂ ಕರೆದುಕೊಂಡು ಚಾರ್ಮಾಡಿ ಘಾಟಿಯನ್ನು ಹತ್ತುತ್ತಿದ್ದಾಗ ಟೈರು ಇಳಿಯಿತು. ಸ್ಟೆಪ್ನಿಯನ್ನು ತೆಗೆದು ನೋಡಿದರೆ ಅದು ಇನ್ನೂ ಮೆತ್ತಗಾಗಿದ್ದಿತು. ಜ್ಯಾಕು ಇದ್ದಿತು, ಅದನ್ನು ತಿರುಗಿಸುವ ಹಿಡಿ ಇರಲಿಲ್ಲ. ಮಂಜು, ಮಳೆ, ಒಂದು ಪಕ್ಕದಲ್ಲಿ ಕಮರಿ. ಎರಡು ಗಂಟೆಗಳ ಮೇಲೆ ಪುಣ್ಯಾತ್ಮನಾದ ಲಾರಿಯ ಚಾಲಕನೊಬ್ಬನು ನಿಲ್ಲಿಸದೆ ಹೋಗಿದ್ದರೆ ಆ ರಾತ್ರಿಯು ಅಲ್ಲಿಯೇ ಕಳೆಯುತ್ತಿದ್ದಿತು. ಆದಕಾರಣ ತಿಂಗಳಿಗೊಮ್ಮೆ ನಾಲ್ಕು ಗಾಲಿಗಳೊಡನೆ ಐದನೆಯದಕ್ಕೂ ಗಾಳಿಯನ್ನು ನೋಡಿಸತಕ್ಕದ್ದು. ಎಷ್ಟು ಪೌಂಡು ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರು ತಣ್ಣಗಿರುವಾಗಲೇ ಅಳೆಯಬೇಕು, ಓಡಿ ಬಿಸಿಯಾದ ಮೇಲೆ ಅಂಕಿಯು ಏರಿ ನಮ್ಮನ್ನು ವಂಚಿಸುತ್ತದೆ. ಗಾಳಿ ಕಡಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಳುಕಿ ಕಾಯುತ್ತವೆ. ಬೇಸಗೆಯ ಹೆದ್ದಾರಿಯಲ್ಲಿ ಟೈರು ಒಡೆಯುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೊಂದು ಮಾತು. 2020ರ ನಿಯಮದ ತಿದ್ದುಪಡಿಯ ತರುವಾಯ ಕೆಲವು ಹೊಸ ಬಂಡಿಗಳಿಗೆ ಸ್ಟೆಪ್ನಿಯನ್ನೇ ಕೊಡುವುದಿಲ್ಲ. ತೂತನ್ನು ಮುಚ್ಚುವ ಅಂಟು ದ್ರವವೂ ಗಾಳಿಯ ಪಂಪೂ ಇರುತ್ತವೆ. ತಮ್ಮದು ಯಾವ ಬಗೆಯದೆಂದು ಮನೆಯಂಗಳದಲ್ಲಿಯೇ ತಿಳಿದುಕೊಳ್ಳುವುದು ಲೇಸು.

ಗಾಲಿಯನ್ನು ಬದಲಾಯಿಸುವುದು ಬಲದ ಕೆಲಸವಲ್ಲ, ಕ್ರಮದ ಕೆಲಸ. ಸಮನಾದ ಗಟ್ಟಿ ನೆಲದಲ್ಲಿ ಬಂಡಿಯನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಎಳೆದು, ಮೊದಲನೆಯ ಗೇರಿನಲ್ಲಿಟ್ಟು, ಎದುರು ಮೂಲೆಯ ಗಾಲಿಗೆ ಕಲ್ಲನ್ನು ಕೊಡಬೇಕು. ನಟ್ಟುಗಳನ್ನು ಬಂಡಿಯೆತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಬೇಕು. ಗಾಲಿಯು ನೆಲವನ್ನು ಬಿಟ್ಟ ಮೇಲೆ ಸ್ಪ್ಯಾನರಿನ ಜೊತೆಯಲ್ಲಿ ಅದೂ ತಿರುಗತೊಡಗುತ್ತದೆ. ಜ್ಯಾಕಿನ ಮೇಲೆ ನಿಂತ ಬಂಡಿಯ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಚಾಚಕೂಡದು. ಹೊಸ ಗಾಲಿಯ ನಟ್ಟುಗಳನ್ನು ವರಸೆಯಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯುತ್ತ ಬಂದರೆ ಗಾಲಿಯು ಓರೆಯಾಗದು. ಕೊನೆಯ ಬಿಗಿತವು ಬಂಡಿಯನ್ನು ಇಳಿಸಿದ ಮೇಲೆ. ಒಂದು ಭಾನುವಾರ ಮನೆಯ ಮುಂದೆ ಇದನ್ನು ಮಾಡಿ ನೋಡಿದವನಿಗೆ ಕತ್ತಲೆಯಲ್ಲಿ ಕೈ ನಡುಗುವುದಿಲ್ಲ.

ಇದು ಗಂಡಸರ ಕೆಲಸವೆಂದು ಮನೆಯವರು ಪುಟವನ್ನು ಮಗುಚಬಾರದು. ಮೋಟಾರಿನಲ್ಲಿ ಮೊಟ್ಟಮೊದಲು ದೂರ ಪ್ರಯಾಣವನ್ನು ಮಾಡಿದವಳೇ ಒಬ್ಬ ಗೃಹಿಣಿ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬಾಕೆಯು ಪತಿಗೆ ತಿಳಿಸದೆ, ಆತನು ನಿರ್ಮಿಸಿದ ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತೌರುಮನೆಗೆ, 100 ಕಿಲೋಮೀಟರಿಗೂ ಹೆಚ್ಚು ದೂರ ಹೋದಳು. ಇಂಧನದ ನಾಳವು ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು; ಬ್ರೇಕು ಸವೆದಾಗ ದಾರಿಯ ಚಮ್ಮಾರನಿಂದ ತೊಗಲನ್ನು ಹೊಡೆಸಿಕೊಂಡಳು; ಇಂಧನವನ್ನು ಔಷಧದ ಅಂಗಡಿಯಲ್ಲಿ ಕೊಂಡಳು.

ಇಂಜಿನು ಕಾದು ಹೊಗೆಯಾಡಿದಾಗಲಂತೂ ಗಂಡಸರಿಗಿಂತ ಹೆಂಗಸರ ವಿವೇಕವೇ ಮೇಲು. ರೇಡಿಯೇಟರೆಂಬುದು ಅಡಿಗೆಯ ಮನೆಯ ಕುಕ್ಕರಿನ ದಾಯಾದಿ. ಮುಚ್ಚಳದ ಬಿಗಿತದಿಂದ ಒಳಗಿನ ನೀರು 100 ಡಿಗ್ರಿಯನ್ನು ಮೀರಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳವನ್ನು ತೆಗೆದ ಕ್ಷಣವೇ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಿಸಿ ಕುಕ್ಕರನ್ನು ಯಾವ ಗೃಹಿಣಿಯೂ ತೆರೆಯಳು. ಬಿಸಿ ರೇಡಿಯೇಟರನ್ನು ತೆರೆದು ಬೆಂದ ಗಂಡಸರೋ ಉಂಟು. ಇಂಜಿನನ್ನು ನಿಲ್ಲಿಸಿ, ಅರ್ಧ ಗಂಟೆಗೆ ಕಡಮೆಯಿಲ್ಲದೆ, ಪೂರ್ತಿಯಾಗಿ ಆರುವ ತನಕ ಕಾಯಬೇಕು. ಮಕ್ಕಳಿಗೆ ಬುತ್ತಿಯನ್ನು ಬಿಚ್ಚಲು ಅದೇ ಸಕಾಲ.

ಹತ್ತುವಾಗ ಇಂಜಿನು ಕಾದರೆ ಇಳಿಯುವಾಗ ಬ್ರೇಕು ಕಾಯುತ್ತದೆ. ಆಗುಂಬೆಯ 14 ತಿರುವುಗಳನ್ನು ಬ್ರೇಕನ್ನೇ ತುಳಿಯುತ್ತ ಇಳಿಯುವವರು ಹಲವರು. ಬ್ರೇಕಿನ ಎಣ್ಣೆಯು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಅತಿಯಾಗಿ ಕಾದಾಗ ಅದು ಕುದಿದು ಗುಳ್ಳೆಗಳೆದ್ದು, ತುಳಿದ ಪೆಡಲು ಮೆತ್ತಗೆ ಒಳಕ್ಕೆ ಹೋಗುತ್ತದೆ, ಬಂಡಿಯು ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮವು ಇಂದಿಗೂ ನಿಜ. ಬಂಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ಆ ಎಣ್ಣೆಯನ್ನು ಬದಲಿಸಬೇಕು.

ರಾತ್ರಿ ಹೆದ್ದಾರಿಯಲ್ಲಿ ಬಂಡಿಯು ನಿಂತಿತೆಂದರೆ ಕೆಟ್ಟ ಬಂಡಿಗಿಂತ ಹಿಂದಿನಿಂದ ಬರುವ ಬಂಡಿಯೇ ದೊಡ್ಡ ಅಪಾಯ. ಸಾಧ್ಯವಾದಷ್ಟು ಎಡಕ್ಕೆ ಸರಿಸಿ, ನಾಲ್ಕು ಮಿಣುಕುದೀಪಗಳನ್ನೂ ಹೊತ್ತಿಸಿ, ಕೆಂಪು ತ್ರಿಕೋನವನ್ನು ಐವತ್ತು ಮಾರಿನಷ್ಟು ಹಿಂದೆ ನಿಲ್ಲಿಸಬೇಕು. ತಿರುವಿದ್ದರೆ ತಿರುವಿನ ಆಚೆಗೆ. ಎಲ್ಲರೂ ಎಡಬಾಗಿಲಿನಿಂದ ಇಳಿದು ರಸ್ತೆಯ ಅಂಚಿನ ತಡೆಗಂಬಿಯ ಹೊರಗೆ ನಿಲ್ಲತಕ್ಕದ್ದು. ಚಳಿಯೆಂದು ಮುದುಕರನ್ನೂ ಮಕ್ಕಳನ್ನೂ ಬಂಡಿಯೊಳಗೇ ಕೂರಿಸುವುದು ಕರುಣೆಯಲ್ಲ. ಕಂಬಳಿಯನ್ನು ಹೊದಿಸಿ ಹೊರಗೆ ಕರೆತರುವುದೇ ಕರುಣೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಇತರ ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108. ಬೇರೆಯವರ ಬಂಡಿಗೆ ಅಪಘಾತವಾದುದನ್ನು ಕಂಡರೂ, ಪೋಲೀಸಿನ ತೊಡಕೆಂದು ಹೆದರಿ ಮುಂದೆ ಹೋಗಬೇಕಾದುದಿಲ್ಲ. ಗಾಯಾಳುವಿಗೆ ನೆರವಾದವನನ್ನು ಪೀಡಿಸಕೂಡದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾನೂನಿನಲ್ಲಿಯೂ ಆ ರಕ್ಷಣೆಯು ಸೇರಿದೆ. ಫೋನು ಮಾಡುವಾಗ "ಯಾವುದೋ ಸೇತುವೆಯ ಹತ್ತಿರ" ಎಂದರೆ ಕೇಳುವವನಿಗೆ ಏನೂ ತಿಳಿಯದು. ಟಾರ್ಚನ್ನು ಹಿಡಿದು ಹತ್ತಿರದ ಕಿಲೋಮೀಟರು ಕಲ್ಲಿನವರೆಗೆ ಅಂಚಿನಲ್ಲಿಯೇ ನಡೆದು, ಅದರ ಮೇಲಿನ ಹೆದ್ದಾರಿಯ ಸಂಖ್ಯೆಯನ್ನೂ ದೂರದ ಅಂಕಿಯನ್ನೂ, ತಾವು ಯಾವ ಊರಿನ ಕಡೆಗೆ ಹೊರಟಿದ್ದಿರೆಂಬುದನ್ನೂ ಹೇಳಬೇಕು.