ಅವಿತು ಗೆಲ್ಲುವ ಆಟ

ಮಕ್ಕಳ ಆಟಗಳಲ್ಲಿ ಕಣ್ಣಾಮುಚ್ಚಾಲೆಯಷ್ಟು ಖರ್ಚಿಲ್ಲದ ಆಟ ಬೇರೆ ಇರಲಾರದು. ಚೆಂಡು ಬೇಡ, ದಾಂಡು ಬೇಡ, ಅಂಗಳದಲ್ಲಿ ಗೆರೆ ಎಳೆಯುವುದೂ ಬೇಡ. ಕಣ್ಣು ಮುಚ್ಚಿ ಎಣಿಸಲು ಒಬ್ಬ, ಅಡಗಿಕೊಳ್ಳಲು ನಾಲ್ವರು, ಅವರಿಗೊಂದಿಷ್ಟು ಮರೆ ಇದ್ದರೆ ಸಾಕು. ಕಾರ್ಕಳದಿಂದ ಕುದುರೆಮುಖದ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಜಗೋಳಿಯಂತಹ ಊರುಗಳಲ್ಲಿ ಮರೆಗೇನೂ ಬರವಿಲ್ಲ. ಮುರಕಲ್ಲಿನ ಪಾಗಾರ, ದನದ ಹಟ್ಟಿ, ಬೈಹುಲ್ಲಿನ ರಾಶಿ, ಗೇರು ಮರಗಳ ಹಾಡಿ ಎಲ್ಲವೂ ಆಗುತ್ತದೆ. ಆದರೆ ಅಡಗುವವನ ಶತ್ರುಗಳೂ ಅಲ್ಲೇ ಇರುತ್ತಾರೆ. ತರಗೆಲೆಯ ಮೇಲೆ ಕಾಲಿಟ್ಟರೆ ಸದ್ದಾಗುತ್ತದೆ. ಹಟ್ಟಿಗೆ ನುಗ್ಗಿದರೆ ದನ ಬೆದರಿ ಎದ್ದು ನಿಲ್ಲುತ್ತದೆ. ಮನೆಯ ನಾಯಿ ಬಾಲ ಆಡಿಸುತ್ತ ಹಿಂದೆಯೇ ಬಂದು ಗುಟ್ಟು ರಟ್ಟು ಮಾಡುತ್ತದೆ.

ಈ ಆಟ ಅಂಗಳದಿಂದ ಎದ್ದು ಕಂಪ್ಯೂಟರಿನ ಪರದೆಯೊಳಗೆ ಹೋಗಿ ಕುಳಿತು ನಾಲ್ಕು ದಶಕಗಳ ಮೇಲಾಯಿತು. ಇಂಗ್ಲಿಷಿನಲ್ಲಿ ‘ಸ್ಟೆಲ್ತ್’ ಎಂದು ಕರೆಸಿಕೊಳ್ಳುವ ವಿಡಿಯೋ ಗೇಮ್‌ಗಳ ಮೂಲ ಸೂತ್ರ ಇದೇ. ಕೋಟೆಯೊಳಗೆ ನುಸುಳಬೇಕು, ಕಾವಲುಗಾರರ ಕಣ್ಣಿಗೆ ಬೀಳಬಾರದು, ಕೆಲಸ ಮುಗಿಸಿ ಹೊರಗೆ ಬರಬೇಕು. ವಿಡಿಯೋ ಗೇಮ್ ಎಂದರೆ ಕಂಡವರ ಮೇಲೆಲ್ಲ ಗುಂಡು ಹಾರಿಸುವುದು ಎಂದೇ ತಿಳಿದಿರುವ ಹಿರಿಯರಿಗೆ ಈ ಬಗೆಯ ಆಟ ತುಸು ವಿಚಿತ್ರವಾಗಿಯೇ ಕಂಡೀತು. ಕತ್ತಲ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಒಬ್ಬ ಕಾವಲುಗಾರ ಬೆನ್ನು ತಿರುಗಿಸುವುದನ್ನು ಐದು ನಿಮಿಷ ಕಾಯುವುದರಲ್ಲಿ ಎಂತಹ ಸುಖವಿದೆ?

ಪಾಂಡವರ ಕರಾರು

ಆಟಗಳಲ್ಲಿ ಎರಡು ಬಗೆ. ಚದುರಂಗ, ಚೆನ್ನೆಮಣೆ, ಹುಲಿ-ಕುರಿ ಆಟ ಇವೆಲ್ಲ ಬಯಲಿನ ಆಟಗಳು. ಏನಿದೆಯೋ ಅದು ಇಬ್ಬರಿಗೂ ಕಾಣುತ್ತದೆ. ಹುಲಿ-ಕುರಿ ಆಟದಲ್ಲಿ ಹುಲಿ ಬಲಿಷ್ಠ, ಕುರಿ ದುರ್ಬಲ ನಿಜ. ಆದರೂ ಕುರಿ ಯಾವ ಮನೆಯಲ್ಲಿದೆ ಎಂಬುದು ಹುಲಿಗೆ ಗೊತ್ತಿದ್ದೇ ಇದೆ. ಕುರಿಗೆ ಅಡಗುವ ಅವಕಾಶ ಸಿಕ್ಕಿತೆನ್ನಿ, ಆಟದ ಸ್ವರೂಪವೇ ಬದಲಾಗುತ್ತದೆ. ಹುಲಿಗೆ ಎಷ್ಟು ಬಲವಿದೆ ಎಂಬುದಕ್ಕಿಂತ ಹುಲಿಗೆ ಏನು ಗೊತ್ತಿದೆ ಎಂಬುದೇ ಮುಖ್ಯವಾಗುತ್ತದೆ.

ನಮ್ಮ ಜನ ಈ ಬಗೆಯ ಕುತೂಹಲಕ್ಕೆ ಹೊಸಬರೇನಲ್ಲ. ಮಹಾಭಾರತದ ವಿರಾಟ ಪರ್ವವನ್ನೇ ನೋಡಬಹುದು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ; ಆ ಒಂದು ವರ್ಷದಲ್ಲಿ ಗುರುತು ಸಿಕ್ಕರೆ ಮತ್ತೆ ಕಾಡಿನ ದಾರಿ. ಆಟದ ಭಾಷೆಯಲ್ಲಿ ಹೇಳುವುದಾದರೆ, ಸಿಕ್ಕಿಬಿದ್ದರೆ ಮೊದಲಿನಿಂದ ಆರಂಭ. ಆಯುಧಗಳು ಬನ್ನಿಮರದ ಮೇಲೆ. ಧರ್ಮರಾಯ ಕಂಕನಾಗಿ, ಭೀಮ ವಲಲನಾಗಿ, ಅರ್ಜುನ ಬೃಹನ್ನಳೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ವಿರಾಟನ ಅರಮನೆ ಸೇರುತ್ತಾರೆ. ಲೋಕವನ್ನೇ ಗೆಲ್ಲಬಲ್ಲವರು ಅಡುಗೆಮನೆಯಲ್ಲೂ ನಾಟ್ಯಶಾಲೆಯಲ್ಲೂ ತಲೆ ತಗ್ಗಿಸಿ ದುಡಿಯುತ್ತಾರೆ.

ಕರಾವಳಿಯ ಪ್ರೇಕ್ಷಕರು ಯಕ್ಷಗಾನದಲ್ಲಿ ‘ಕೀಚಕ ವಧೆ’ಯನ್ನು ಕಣ್ಣು ಮುಚ್ಚದೆ ನೋಡುವುದು ಯಾವ ಕಾರಣಕ್ಕೆ? ಭೀಮ ಗೆಲ್ಲುತ್ತಾನೋ ಇಲ್ಲವೋ ಎಂಬ ಸಂಶಯ ಯಾರಿಗೂ ಇಲ್ಲ. ಕತ್ತಲ ನಾಟ್ಯಶಾಲೆಯಲ್ಲಿ ಕಾದು ಕುಳಿತವರು ಯಾರೆಂದು ಪ್ರೇಕ್ಷಕರಿಗೆ ಗೊತ್ತು, ಕೀಚಕನಿಗೆ ಗೊತ್ತಿಲ್ಲ. ಸ್ವಾರಸ್ಯ ಇರುವುದು ಅಲ್ಲಿ. ಮುಂದಿನ ತೊಡಕೂ ಅಷ್ಟೇ ರೋಚಕ. ಕೀಚಕನಂಥವನನ್ನು ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಮಂದಿ ಎಂಬ ಅನುಮಾನ ಹಸ್ತಿನಾವತಿಯಲ್ಲಿ ತಲೆ ಎತ್ತುತ್ತದೆ. ಹೆಣ ಸಿಕ್ಕಿದ ಕೂಡಲೇ ಕಾವಲು ಬಿಗಿಯಾಗುವುದು ಇಂದಿನ ಸ್ಟೆಲ್ತ್ ಆಟಗಳಲ್ಲೂ ತಪ್ಪದ ನಿಯಮ.

ಮೂಗಿನ ನೇರಕ್ಕೆ ನೋಡುವ ಕಾವಲುಗಾರ

ಮನುಷ್ಯರು ಮನುಷ್ಯರೊಡನೆ ಆಡುವಾಗ ಹುಡುಕುವವನಿಗೆ ಕಣ್ಣು ಕಿವಿ ತಾನಾಗಿಯೇ ಇರುತ್ತವೆ. ಯಂತ್ರದ ಸಂಗತಿ ಬೇರೆ. ಆಟಗಾರ ಎಲ್ಲಿದ್ದಾನೆ ಎಂಬುದು ಕಂಪ್ಯೂಟರಿಗೆ ಸದಾ ಗೊತ್ತು, ಏಕೆಂದರೆ ಅವನನ್ನು ಪರದೆಯ ಮೇಲೆ ಮೂಡಿಸುತ್ತಿರುವುದೇ ಅದು. ಹಾಗಾಗಿ ಸ್ಟೆಲ್ತ್ ಆಟ ರೂಪಿಸುವವರ ಕಷ್ಟ ತಲೆಕೆಳಗಾದದ್ದು. ಎಲ್ಲವನ್ನೂ ಬಲ್ಲ ಯಂತ್ರಕ್ಕೆ ತಿಳಿಯದವನಂತೆ ಇರುವುದನ್ನು ಕಲಿಸಬೇಕು. ಈ ಆಟಗಳ ಇತಿಹಾಸವೆಂದರೆ ಹೆಚ್ಚುಕಡಿಮೆ ಈ ಪಾಠದ ಇತಿಹಾಸವೇ.

1979ರಲ್ಲಿ ಜಪಾನಿನಲ್ಲಿ ಬಂದ ‘ಮಾನ್‌ಬಿಕಿ ಶೋನೆನ್’ ಎಂಬ ಪುಟ್ಟ ಆಟದಲ್ಲಿ ಅಂಗಡಿಯವನ ಕಣ್ಣು ತಪ್ಪಿಸಿ ಸಾಮಾನು ಕದಿಯುವ ಹುಡುಗನಿದ್ದ. 1981ರಲ್ಲಿ ಅಮೆರಿಕದ ಸೈಲಸ್ ವಾರ್ನರ್ ಆ್ಯಪಲ್ ಕಂಪ್ಯೂಟರಿಗಾಗಿ ‘ಕಾಸಲ್ ವುಲ್ಫೆನ್‌ಸ್ಟೈನ್’ ಬರೆದರು. ನಾಜಿಗಳ ಕೋಟೆಯಿಂದ ಯುದ್ಧದ ರಹಸ್ಯ ಕಾಗದಗಳೊಡನೆ ತಪ್ಪಿಸಿಕೊಳ್ಳುವ ಕತೆ ಅದು. ಗುಂಡುಗಳು ಕಡಿಮೆ ಇದ್ದುದರಿಂದ ಉಪಾಯವೇ ಗತಿ. ಶತ್ರುವಿನ ಸಮವಸ್ತ್ರ ತೊಟ್ಟರೆ ಸಾಮಾನ್ಯ ಕಾವಲುಗಾರರು ಮೋಸಹೋಗುತ್ತಿದ್ದರು, ಎಸ್.ಎಸ್. ಪಡೆಯವರು ಮೋಸಹೋಗುತ್ತಿರಲಿಲ್ಲ.

1987ರಲ್ಲಿ ಜಪಾನಿನ ಕೊನಾಮಿ ಕಂಪನಿಯ ತರುಣ ಹಿಡಿಯೊ ಕೊಜಿಮಾ ಅವರಿಗೆ ಒಂದು ಯುದ್ಧದ ಆಟ ಮಾಡುವ ಹೊಣೆ ಬಂತು. ಅವರ ಪಾಲಿಗೆ ಒದಗಿದ ಎಂಎಸ್‌ಎಕ್ಸ್ ಕಂಪ್ಯೂಟರಿಗೆ ಒಮ್ಮೆಲೇ ಹಲವು ಸೈನಿಕರನ್ನೂ ಗುಂಡುಗಳನ್ನೂ ಪರದೆಯ ಮೇಲೆ ಓಡಾಡಿಸುವ ಶಕ್ತಿ ಇರಲಿಲ್ಲ. ಹೋರಾಡಲು ಬಾರದಿದ್ದರೆ ಅಡಗಿಕೊಳ್ಳಲಿ ಎಂದು ಅವರು ಯೋಚಿಸಿದರು. ಹಾಗೆ ಹುಟ್ಟಿದ್ದು ‘ಮೆಟಲ್ ಗಿಯರ್’. ಅದರ ಕಾವಲುಗಾರರು ಮೂಗಿನ ನೇರಕ್ಕೆ ಮಾತ್ರ ನೋಡಬಲ್ಲವರು. ಒಂದು ಹೆಜ್ಜೆ ಪಕ್ಕದಲ್ಲಿ ನಿಂತರೂ ಅವರಿಗೆ ಕಾಣದು. 1990ರ ಎರಡನೆಯ ಭಾಗದಲ್ಲಿ ಅವರ ದೃಷ್ಟಿ ಅಗಲವಾಯಿತು, ಕಿವಿಯೂ ಕೇಳತೊಡಗಿತು.

ಅನುಮಾನಪಡಲು ಕಲಿತ ಯಂತ್ರ

1998 ಈ ಪ್ರಕಾರದ ಪಾಲಿಗೆ ಸುಗ್ಗಿಯ ವರ್ಷ. ಜಪಾನಿನಿಂದ ‘ಮೆಟಲ್ ಗಿಯರ್ ಸಾಲಿಡ್’ ಮತ್ತು ‘ಟೆಂಚು’, ಸ್ಪೇನಿನಿಂದ ‘ಕಮಾಂಡೋಸ್’, ಅಮೆರಿಕದಿಂದ ‘ಥೀಫ್’ ಆ ಒಂದೇ ವರ್ಷದಲ್ಲಿ ಬಂದವು. ‘ಕಮಾಂಡೋಸ್’ನಲ್ಲಿ ಶತ್ರು ಎಷ್ಟು ದೂರ, ಎಷ್ಟು ಅಗಲ ನೋಡಬಲ್ಲ ಎಂಬುದನ್ನು ಆಟಗಾರ ಪರದೆಯ ಮೇಲೆಯೇ ಬೀಸಣಿಗೆಯಂತೆ ಬಿಡಿಸಿ ನೋಡಬಹುದಿತ್ತು. ‘ಮೆಟಲ್ ಗಿಯರ್ ಸಾಲಿಡ್’ನ ಕಾವಲುಗಾರ ಹಿಮದ ಮೇಲಿನ ಹೆಜ್ಜೆಗುರುತು ಹಿಡಿದು ಬರುತ್ತಿದ್ದ.

‘ಥೀಫ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಳ್ಳ ಬೆಳಕಿನಲ್ಲಿದ್ದಾನೋ ನೆರಳಿನಲ್ಲಿದ್ದಾನೋ ಎಂದು ತೋರಿಸಲು ಪರದೆಯ ಕೆಳಗೊಂದು ಹರಳು. ಕಾಲಡಿಯ ನೆಲಕ್ಕೆ ತಕ್ಕಂತೆ ಸದ್ದು: ಕಂಬಳಿ ಹಾಸಿದರೆ ಮೆಲ್ಲಗೆ, ಕಲ್ಲಿನ ಮೇಲೆ ಜೋರಾಗಿ, ಲೋಹದ ಮೇಲೆ ಇನ್ನೂ ಜೋರಾಗಿ. ತರಗೆಲೆಯ ಹಾಡಿಯಲ್ಲಿ ಅಡಗಿ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿನ ಕಾವಲುಗಾರ ಕಂಡ ಅಥವಾ ಕಾಣದ ಎಂಬ ಎರಡೇ ಸ್ಥಿತಿಯವನಾಗಿರಲಿಲ್ಲ. ಸದ್ದು ಕೇಳಿದರೆ ನಿಲ್ಲುತ್ತಾನೆ, ತನ್ನಷ್ಟಕ್ಕೆ ಗೊಣಗುತ್ತಾನೆ, ನಾಲ್ಕು ಹೆಜ್ಜೆ ಹುಡುಕುತ್ತಾನೆ, ಏನೂ ಸಿಗದಿದ್ದರೆ ಹಿಂದಿರುಗುತ್ತಾನೆ. ಆತನಿಗೆ ಅನುಮಾನವೆಂಬುದು ಬಂದಿತ್ತು. ಆ ಅನುಮಾನದ ಕೆಲವು ಕ್ಷಣಗಳಲ್ಲಿ ಉಸಿರು ಬಿಗಿಹಿಡಿದು ಕೂರುವುದೇ ಈ ಆಟಗಳ ಜೀವಾಳ.

2014ರ ‘ಏಲಿಯನ್: ಐಸೊಲೇಶನ್’ನಲ್ಲಿ ಈ ಕಲೆ ಮತ್ತಷ್ಟು ನಯವಾಯಿತು. ಅಲ್ಲಿ ಒಂದು ಭೀಕರ ಜೀವಿ ಆಟಗಾರನನ್ನು ಬೇಟೆಯಾಡುತ್ತದೆ. ಅದನ್ನು ನಡೆಸುವ ಬುದ್ಧಿಯನ್ನು ಎರಡಾಗಿ ಒಡೆದಿದ್ದಾರೆ. ಒಂದು ಭಾಗಕ್ಕೆ ಆಟಗಾರ ಎಲ್ಲಿದ್ದಾನೆಂದು ಗೊತ್ತು. ಅದು ಇಂತಹ ಕಡೆ ಹೋಗಿ ನೋಡು ಎಂದು ಆಗಾಗ ಸುಳಿವು ಕೊಡುತ್ತದೆ, ಅಷ್ಟೇ. ಇನ್ನೊಂದು ಭಾಗ, ಅಂದರೆ ಆ ಜೀವಿ, ತನ್ನ ಕಣ್ಣು ಕಿವಿಗಳನ್ನೇ ನಂಬಿ ಹುಡುಕಬೇಕು. ಬಲ್ಲವನು ಹಿಡಿಯುವಂತಿಲ್ಲ, ಹಿಡಿಯುವವನಿಗೆ ಪೂರ್ತಿ ತಿಳಿದಿಲ್ಲ ಎಂಬ ಈ ಏರ್ಪಾಡಿನಿಂದಲೇ ಆಟ ನ್ಯಾಯವಾಗಿ ಉಳಿಯುತ್ತದೆ.

ಸೈಬರ್ ಕೆಫೆಯಿಂದ ಬೆಂಗಳೂರಿನವರೆಗೆ

ನಮ್ಮ ದೇಶದಲ್ಲಿ ಒಂದು ಇಡೀ ತಲೆಮಾರಿಗೆ ಈ ರುಚಿ ಹತ್ತಿಸಿದ್ದು 2000ದಲ್ಲಿ ಬಂದ ‘ಪ್ರಾಜೆಕ್ಟ್ ಐ.ಜಿ.ಐ.’ ಸೈಬರ್ ಕೆಫೆಗಳಲ್ಲೂ ಕಾಲೇಜು ಹಾಸ್ಟೆಲುಗಳಲ್ಲೂ ‘ಐಜಿಐ’ ಎಂದರೆ ಸಾಕು, ಬೇರೆ ಪರಿಚಯ ಬೇಕಿರಲಿಲ್ಲ. ಅದನ್ನು ತಯಾರಿಸಿದ್ದು ನಾರ್ವೆಯ ಇನ್ನರ್‌ಲೂಪ್ ಸಂಸ್ಥೆ. ಆ ಸಂಸ್ಥೆ ಮೊದಲು ಯುದ್ಧವಿಮಾನ ಹಾರಿಸುವ ಆಟ ಮಾಡಿತ್ತು. ಆಕಾಶದಿಂದ ಕಾಣುವ ವಿಶಾಲ ಭೂಮಿಯನ್ನು ಚಿತ್ರಿಸಲು ಹೆಣೆದ ತಂತ್ರವೇ ಐಜಿಐಯ ಬೆಟ್ಟಬಯಲುಗಳಿಗೂ ಆಧಾರವಾಯಿತು. ಬೆಟ್ಟದ ಮೇಲಿಂದ ದುರ್ಬೀನಿನಲ್ಲಿ ಶಿಬಿರ ನೋಡಿ, ಕ್ಯಾಮೆರಾ ತಪ್ಪಿಸಿ, ಅಲಾರಂ ಕೂಗದಂತೆ ಒಳಗೆ ಹೋಗಬೇಕು. ನಡುವೆ ಆಟವನ್ನು ಉಳಿಸಿಕೊಳ್ಳುವ ಸೌಕರ್ಯ ಅದರಲ್ಲಿರಲಿಲ್ಲ. ಕೊನೆಯ ಗೇಟಿನ ಬಳಿ ಸತ್ತರೂ ಆ ಹಂತವನ್ನು ಮೊದಲಿನಿಂದಲೇ ಆಡಬೇಕು. ಗಂಟೆಯ ಲೆಕ್ಕದಲ್ಲಿ ಹಣ ತೆರುವ ಹುಡುಗನಿಗೆ ತಾಳ್ಮೆಯೂ ದುಬಾರಿ, ದುಡುಕೂ ದುಬಾರಿ!

ಆಡುವವರಷ್ಟೇ ಅಲ್ಲ, ಇಂತಹ ಆಟದ ಕೆಲಸಕ್ಕೆ ಕೈ ಹಾಕಿದವರೂ ಕರ್ನಾಟಕದಲ್ಲಿದ್ದರು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಫ್ರಾನ್ಸಿನ ಇನ್‌ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ ಅದು ಕೈಗೆತ್ತಿಕೊಂಡ ಆರಂಭದ ಕೆಲಸಗಳಲ್ಲಿ ಒಂದು. ಮುಖವಾಡ ಬದಲಿಸಿ ಶತ್ರುಗಳ ನಡುವೆ ಓಡಾಡುವ ಗೂಢಚಾರನ ಕತೆ ಅದು. ಮುಂದೆ ವಿದೇಶಿ ಆಟಗಳಿಗೆ ಬೇಕಾದ ಚಿತ್ರಕೆಲಸವೇ ಧ್ರುವದ ಮುಖ್ಯ ಕಸುಬಾಯಿತು. 2016ರಲ್ಲಿ ಅದನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಭಾರತವನ್ನೇ ರಂಗಸ್ಥಳ ಮಾಡಿಕೊಂಡ ಸ್ಟೆಲ್ತ್ ಆಟಗಳೂ ಬಂದವು. 2016ರ ‘ಅಸಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ’ದ ಕತೆ 1841ರ ಸಿಖ್ ರಾಜ್ಯದಲ್ಲಿ ನಡೆಯುತ್ತದೆ; 2018ರ ‘ಹಿಟ್‌ಮ್ಯಾನ್ 2’ರಲ್ಲಿ ಮುಂಬಯಿಯ ಗಲ್ಲಿಗಳಿವೆ. ಎರಡನ್ನೂ ರೂಪಿಸಿದ್ದು ಯುರೋಪಿನ ಸಂಸ್ಥೆಗಳು.

ಕೊಲ್ಲದೆ ಗೆಲ್ಲಬಹುದೆ?

ಕದಿಯುವುದು, ನುಸುಳುವುದು, ಹಿಂದಿನಿಂದ ಬಂದು ಇರಿಯುವುದು: ಮಕ್ಕಳು ಇದನ್ನೆಲ್ಲ ಕಲಿಯಬೇಕೆ ಎಂದು ತಂದೆತಾಯಿ ಕೇಳಿದರೆ ತಪ್ಪಿಲ್ಲ. ಹಲವು ಸ್ಟೆಲ್ತ್ ಆಟಗಳು ವಯಸ್ಕರಿಗೆಂದೇ ಗುರುತು ಹಾಕಿಸಿಕೊಂಡು ಮಾರಾಟವಾಗುತ್ತವೆ. ಆ ಗುರುತನ್ನು ಮನೆಯವರು ನೋಡಬೇಕಾದದ್ದೇ. ಆದರೂ ಕೊಲೆಯ ಬಗ್ಗೆ ಆಟಗಾರನನ್ನೇ ತಿರುಗಿ ಪ್ರಶ್ನಿಸಿದ ಆಟಗಳು ಈ ಪ್ರಕಾರದಲ್ಲಿ ಹಲವಿವೆ ಎಂಬುದು ಗಮನಾರ್ಹ. ‘ಥೀಫ್’ನಲ್ಲಿ ಆಟದ ಮಟ್ಟ ಕಠಿಣವಾದಂತೆ ಮನುಷ್ಯರನ್ನು ಕೊಲ್ಲುವುದಕ್ಕೆ ನಿಷೇಧ. ನಿಪುಣನಾದ ಕಳ್ಳನಿಗೆ ಕೊಲ್ಲುವ ಅಗತ್ಯವೇ ಬೀಳಬಾರದು ಎಂಬ ತರ್ಕ ಅದು. 2004ರ ‘ಮೆಟಲ್ ಗಿಯರ್ ಸಾಲಿಡ್ 3’ರಲ್ಲಿ ಒಂದು ನದಿ ಬರುತ್ತದೆ, ಅದನ್ನು ದಾಟುವಾಗ ಆಟಗಾರ ಅದುವರೆಗೆ ಕೊಂದವರೆಲ್ಲ ಪ್ರೇತಗಳಾಗಿ ಎದುರು ಬರುತ್ತಾರೆ. ಕಡಿಮೆ ಕೊಂದವನಿಗೆ ದಾರಿ ಬೇಗ ಮುಗಿಯುತ್ತದೆ. 2012ರ ‘ಡಿಸ್‌ಹಾನರ್ಡ್’ನಲ್ಲಿ ಕೊಂದಷ್ಟೂ ನಗರದಲ್ಲಿ ಇಲಿಗಳೂ ರೋಗವೂ ಹೆಚ್ಚುತ್ತವೆ, ಕತೆಯ ಕೊನೆಯೂ ಕಪ್ಪಾಗುತ್ತದೆ.

ಬಲವಿದ್ದೂ ಬಳಸದೆ ಇರುವುದನ್ನು ಈ ಆಟಗಳು ಜಾಣತನವೆಂದು ಎಣಿಸುತ್ತವೆ. ಬನ್ನಿಮರದ ಮೇಲೆ ಗಾಂಡೀವವನ್ನಿಟ್ಟು ರಾಜಕುಮಾರಿಗೆ ನಾಟ್ಯ ಕಲಿಸಿದ ಬೃಹನ್ನಳೆಗೆ ಈ ಮಾತು ಹೊಸದಾಗಿ ಕೇಳದು.

ಮರೆಯದ ಕಣ್ಣು

ಸ್ಟೆಲ್ತ್ ಆಟಗಳ ಆಕರ್ಷಣೆಗೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ಆಟದ ಕಾವಲುಗಾರನಿಗೆ ಒಂದು ಮಿತಿಯಿದೆ. ಅವನ ಕಣ್ಣು ಎಲ್ಲಿಯವರೆಗೆ ಹೋಗುತ್ತದೆ ಎಂದು ಆಟಗಾರ ಕಲಿಯಬಹುದು. ಹುಡುಕಿ ದಣಿದ ಮೇಲೆ ಆತ ಕಂಡದ್ದನ್ನು ಮರೆತು ಮತ್ತೆ ತನ್ನ ಗಸ್ತಿಗೆ ಹೊರಡುತ್ತಾನೆ. ಹೊರಗಿನ ಲೋಕದ ಕಾವಲು ಹಾಗಿಲ್ಲ. ಪೇಟೆಯ ಅಂಗಡಿ, ಬಸ್ ನಿಲ್ದಾಣ, ಶಾಲೆಯ ಜಗಲಿ ಎಲ್ಲೆಲ್ಲೂ ಕ್ಯಾಮೆರಾ. ಜೇಬಿನ ಮೊಬೈಲು ಹೋದ ದಾರಿಯನ್ನೆಲ್ಲ ಬರೆದಿಡುತ್ತದೆ. ಕಳ್ಳನನ್ನು ಹಿಡಿಯಲು ಇವು ಬೇಕು ಎನ್ನುವುದನ್ನು ಒಪ್ಪಿದರೂ, ಈ ಕಣ್ಣು ಎಷ್ಟು ದೂರ ನೋಡುತ್ತದೆ, ಎಷ್ಟು ದಿನ ನೆನಪಿಡುತ್ತದೆ ಎಂಬುದು ನೋಡಿಸಿಕೊಳ್ಳುವವನಿಗೆ ತಿಳಿಯುವುದಿಲ್ಲ.

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದಿಟ್ಟವರಲ್ಲಿ ಕನ್ನಡ ನಾಡಿನವರೂ ಒಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ತಪ್ಪು ಮಾಡದವನಿಗೂ ಒಂದು ಮರೆ ಬೇಕು ಎಂಬುದನ್ನು ಕಾನೂನು ಹೀಗೆ ತನ್ನ ಭಾಷೆಯಲ್ಲಿ ಒಪ್ಪಿಕೊಂಡಿತು. ಕಣ್ಣಾಮುಚ್ಚಾಲೆಯಾಡುವ ಮಕ್ಕಳಿಗೆ ಅದು ಮೊದಲೇ ಗೊತ್ತಿದೆ. ಎಣಿಸುವವನು ಬೆರಳ ಸಂದಿನಲ್ಲಿ ಇಣುಕಿದ ಎಂದು ತಿಳಿದರೆ ಸಾಕು, ‘ಮೋಸ, ಮೋಸ’ ಎಂದು ಕೂಗಿ ಅವನಿಂದ ಮತ್ತೆ ಒಂದರಿಂದ ಎಣಿಸಿಸುತ್ತಾರೆ.