ಬೇಲಿಯ ಮೇಲೆ ಗೌರಿ ಹೂ

ಮಳೆ ನಿಂತು ಅರ್ಧ ಗಂಟೆಯಾಗಿದೆ. ಅಂಬ್ಲಿಗೊಳದ ಜಲಾಶಯದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿದೆ. ಶ್ರಾವಣ ಮುಗಿಯುತ್ತ ಬಂತು. ಹೊಲದ ಬೇಲಿಯ ತುಂಬ ಗೌರಿ ಹೂ. ದಳಗಳೆಲ್ಲ ಮೇಲಕ್ಕೆ ಮಡಚಿಕೊಂಡಿವೆ. ಬುಡ ಹಳದಿ, ತುದಿ ಕೆಂಡ. ಎಲೆಯ ತುದಿಯೇ ಸುರುಳಿಯಾಗಿ ಮುಳ್ಳುಕಂಟಿಯನ್ನು ಹಿಡಿದುಕೊಂಡಿದೆ. ಅಗ್ನಿಶಿಖೆ ಎಂದು ಹೆಸರಿಟ್ಟವರು ನೋಡಿಯೇ ಇಟ್ಟಿರಬೇಕು.

"ಹೂ ಬೇಕಾದ್ರ ಕೊಯ್ಕಳ್ರಿ, ಗಡ್ಡಿ ಮಾತ್ರ ಮುಟ್ಟಬ್ಯಾಡ್ರಿ. ಇಸ ಅದು." ಎಮ್ಮೆ ಹೊಡೆದುಕೊಂಡು ಬಂದ ಹಿರಿಯರು ಅಷ್ಟು ಹೇಳಿ ಏರಿಯ ಮೇಲೆ ಕೂತರು.

ಆ ವಿಷಕ್ಕೆ ಕೊಲ್ಚಿಸಿನ್ ಎಂದು ಹೆಸರು. ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೆಗೊಂದು ಈಚೆಗೊಂದು ಎಳೆದುಕೊಳ್ಳುವ ಸಣ್ಣ ನೂಲುಗಳು ಹುಟ್ಟುತ್ತವೆ. ಕೊಲ್ಚಿಸಿನ್ ಬಿದ್ದರೆ ನೂಲು ಹೆಣೆಯುವುದಿಲ್ಲ. ಕೋಶ ನಡುದಾರಿಯಲ್ಲೇ ನಿಂತುಬಿಡುತ್ತದೆ. ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಂಡು ಗಿಡ್ಡಗೆ, ದಪ್ಪಗೆ ಆಗಿರುವ ಹೊತ್ತು ಅದು. ಕೋಶದ ಪೊರೆ ಒಡೆದು ಅವನ್ನು ಇಡಿಯಾಗಿ ಹೊರತೆಗೆಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಕೊಲ್ಚಿಸಿನ್ ಅಥವಾ ಅದರ ನೆಂಟ ಕೋಲ್ಸೆಮಿಡ್ ಬಳಸುತ್ತಾರೆ.

1973ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಮೆಕ್‌ಬ್ರೈಡ್ ಮತ್ತು ಓಝರ್ ಹೀಗೆ ತೆಗೆದ ಚೀನೀ ಹ್ಯಾಮ್‌ಸ್ಟರಿನ ವರ್ಣತಂತುಗಳನ್ನು ಇಲಿಯ ಕೋಶಗಳಿಗೆ ಉಣಿಸಿದರು. ಆ ಇಲಿಕೋಶಗಳಲ್ಲಿ ಎಚ್‌ಪಿಆರ್‌ಟಿ ಎಂಬ ಕಿಣ್ವ ಇರಲಿಲ್ಲ. ಅದಿಲ್ಲದವು ಬದುಕದಂಥ ದ್ರವದಲ್ಲಿ ಎಲ್ಲವನ್ನೂ ಬೆಳೆಸಲು ಇಟ್ಟರು. ಕೋಶ ನುಂಗಿದ್ದನ್ನು ಹೆಚ್ಚಿನಂಶ ಅರಗಿಸಿ ಮುಗಿಸುತ್ತದೆ. ಎಲ್ಲೋ ಲಕ್ಷ ಲಕ್ಷಗಳಲ್ಲಿ ಒಂದರೊಳಗೆ ಒಂದು ಚೂರು ಉಳಿಯಿತು, ಕೆಲಸ ಮಾಡಿತು. ಬದುಕಿ ಬೆಳೆದ ಗುಂಪುಗಳಲ್ಲಿ ಕಂಡ ಕಿಣ್ವ ಇಲಿಯದಲ್ಲ, ಹ್ಯಾಮ್‌ಸ್ಟರಿನದು. ವೀರ್ಯವಿಲ್ಲ, ವೈರಸ್ಸಿಲ್ಲ, ಬರೀ ವರ್ಣತಂತು ಒಂದು ಪ್ರಾಣಿಯ ಜೀನನ್ನು ಇನ್ನೊಂದಕ್ಕೆ ದಾಟಿಸಿತ್ತು. ಸಿಕ್ಕಿದ್ದು ಗಟ್ಟಿ ಎನ್ನುವಂತೆಯೂ ಇರಲಿಲ್ಲ. ಆ ದ್ರವದಿಂದ ಹೊರಗಿಟ್ಟರೆ ಎಷ್ಟೋ ಕೋಶಗಳು ಹೊಸ ಜೀನನ್ನು ಕೆಲವು ತಲೆಮಾರುಗಳಲ್ಲೇ ಕಳೆದುಕೊಳ್ಳುತ್ತಿದ್ದವು.

ಒಂದು ತಮಾಷೆಯಿದೆ. ಮನುಷ್ಯರಲ್ಲಿ ಈ ಎಚ್‌ಪಿಆರ್‌ಟಿ ಕೊರತೆಯಾದರೆ ಯೂರಿಕ್ ಆಮ್ಲ ಏರಿ ಕೀಲು ಹಿಡಿಯುತ್ತದೆ. ಯೂರಿಕ್ ಆಮ್ಲದ ಕೀಲುಬೇನೆಗೆ ವೈದ್ಯರು ಬರೆದುಕೊಡುವ ಹಳೆಯ ಮಾತ್ರೆಗಳಲ್ಲೊಂದು ಕೊಲ್ಚಿಸಿನ್. ಹಾಗೆಂದು ಯಾರೂ ಬೇಲಿಗೆ ಕೈ ಹಾಕಬಾರದು. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಕೆಲವೇ ಮಿಲಿಗ್ರಾಂ.

ಕತ್ತಲಾಗುತ್ತಿದೆ. ಆಚೆ ದಡದ ಕಾಡಿನಿಂದ ನಾಯಿ ಬೊಗಳಿದಂತೆ ಒಂದು ಒರಟು ಕೂಗು. ಸ್ವಲ್ಪ ಬಿಟ್ಟು ಇನ್ನೊಂದು.

"ನಾಯಿ ಅಲ್ಲ ಬಿಡ್ರಿ, ಕಾಡುಕುರಿ" ಎಂದರು ಹಿರಿಯರು.

ನನಗೆ ಮೈ ಜುಮ್ಮೆಂದಿತು. ನಮ್ಮ ಹೆಣ್ಣು ಕಾಡುಕುರಿಗೆ ವರ್ಣತಂತು ಆರೇ, ಗಂಡಿಗೆ ಏಳು, ನಮಗೆ 46. ಅದರ ಚೀನೀ ದಾಯಾದಿಗೂ 46! ಒಂದಕ್ಕೊಂದು ಬೆಸೆದುಕೊಂಡು ಇದರವು ದೈತ್ಯವಾಗಿವೆ. 1970ರಲ್ಲಿ ವರ್ಸ್ಟರ್ ಮತ್ತು ಬೆನಿರ್ಷ್ಕೆ ಎಣಿಸಿ ಹೇಳಿದಾಗ ಸಸ್ತನಿಗಳಲ್ಲಿ ಇಷ್ಟು ಕಡಿಮೆ ಯಾರೂ ಕಂಡಿರಲಿಲ್ಲ. 1976ರಲ್ಲಿ ಬೇರೆ ವಿಜ್ಞಾನಿಗಳು ಈ ವರ್ಣತಂತುಗಳನ್ನು ಲೇಸರ್ ಬೆಳಕಿನ ಮುಂದೆ ಹನಿಹನಿಯಾಗಿ ಹರಿಸಿ, ಅಳೆದು, ಒಂದೊಂದು ಬಗೆಯನ್ನೂ ಬೇರೆ ಮಾಡಿದರು. ಆರೇ ಇದ್ದರೆ ಜೋಡಿಸಿಡುವುದು ಎಷ್ಟು ಸುಲಭ.

"ಏನೋ ಕಂಡೈತಿ ಅದಕ್ಕ" ಎನ್ನುತ್ತ ಹಿರಿಯರು ಎದ್ದರು. ಎಮ್ಮೆ ಗೌರಿ ಬಳ್ಳಿಯನ್ನು ಮೂಸಿ, ಪಕ್ಕದ ಹುಲ್ಲಿಗೆ ಬಾಯಿ ಹಾಕಿತು.